ತಪ್ಪು ಬೆಲೆಯೇ ತುರುಫು: ‘ಹಿಟ್ ಮಿ’ ಎಂಬ ನಿವೃತ್ತ ಆಟದ ಲೆಕ್ಕಾಚಾರ

ಬೆಕ್ಕಿಗೆ ಹಾಕುವ ಆಹಾರದ ಪುಟ್ಟ ಡಬ್ಬಿಯೊಂದಕ್ಕೆ 4 ಡಾಲರ್ 90 ಸೆಂಟ್ ಎಂದು ಬರೆದಿದ್ದರೆ, 1980ರ ದಶಕದ ಅಮೆರಿಕದಲ್ಲಿ ಯಾರೇ ಆದರೂ ಅಂಗಡಿಯವನನ್ನು ಒಮ್ಮೆ ದುರುಗುಟ್ಟಿ ನೋಡಿ ಮುಂದೆ ಹೋಗುತ್ತಿದ್ದರು. ಆದರೆ ಲಾಸ್ ಏಂಜಲೀಸಿನ ಒಂದು ಟೆಲಿವಿಷನ್ ಸ್ಟುಡಿಯೊದಲ್ಲಿ ಅಂಥ ಡಬ್ಬಿಯನ್ನು ಕಂಡವರು ಕುಣಿದಾಡಬೇಕಿತ್ತು. ಅಲ್ಲಿ ಬೆಲೆ ಎಷ್ಟು ಅನ್ಯಾಯವೋ ಎಲೆಯೂ ಅಷ್ಟೇ ದೊಡ್ಡದು. ಎಲೆ ಎಂದರೆ ಇಸ್ಪೀಟೆಲೆ. ಆಟದ ಹೆಸರು ‘ಹಿಟ್ ಮಿ’. 1980ರಲ್ಲಿ ಹುಟ್ಟಿ 2006ರವರೆಗೆ ಬದುಕಿದ ಈ ಆಟ ಈಗ ಇಲ್ಲ. ನನ್ನ ಮಟ್ಟಿಗೆ, ಇದನ್ನು ಆಡಿಸುತ್ತಿದ್ದ ‘ದಿ ಪ್ರೈಸ್ ಈಸ್ ರೈಟ್’ ಎಂಬ ಟೀವಿ ಕಾರ್ಯಕ್ರಮದ ನಿವೃತ್ತ ಆಟಗಳಲ್ಲೆಲ್ಲ ಇದರಷ್ಟು ಜಾಣತನದಿಂದ ಹೆಣೆದದ್ದು ಇನ್ನೊಂದಿಲ್ಲ. ಅದು ಸತ್ತದ್ದೂ ಆ ಜಾಣತನದಿಂದಲೇ.

ಮೊದಲು ಕಾರ್ಯಕ್ರಮದ ವಿಚಾರ. ‘ದಿ ಪ್ರೈಸ್ ಈಸ್ ರೈಟ್’ ಎಂಬ ಹೆಸರಿನ ಕಾರ್ಯಕ್ರಮ ಅಮೆರಿಕದಲ್ಲಿ 1956ರಷ್ಟು ಹಿಂದೆಯೇ ಇತ್ತು. ಈಗ ಎಲ್ಲರಿಗೂ ಗೊತ್ತಿರುವ ರೂಪದಲ್ಲಿ ಅದು ಆರಂಭವಾದದ್ದು 1972ರ ಸೆಪ್ಟೆಂಬರ್ 4ರಂದು, ಸಿಬಿಎಸ್ ವಾಹಿನಿಯಲ್ಲಿ. ನಿರೂಪಕ ಬಾಬ್ ಬಾರ್ಕರ್ ಅಂದಿನಿಂದ 2007ರವರೆಗೆ ಆ ವೇದಿಕೆಯನ್ನು ಬಿಟ್ಟು ಕದಲಲಿಲ್ಲ. ಅರ್ಧ ಗಂಟೆಯ ಕಾರ್ಯಕ್ರಮ 1975ರಲ್ಲಿ ಒಂದು ಗಂಟೆಯದಾಯಿತು. ಆ ಒಂದು ಗಂಟೆಯಲ್ಲಿ ಆರು ಮಂದಿ ಸರದಿಯ ಪ್ರಕಾರ ವೇದಿಕೆ ಹತ್ತಿ, ಒಬ್ಬೊಬ್ಬರು ಒಂದೊಂದು ಬೆಲೆಯಾಟ ಆಡುತ್ತಾರೆ. ಬೆಲೆಯಾಟ ಎಂದರೆ ಇಷ್ಟೇ: ಎದುರಿಗಿಟ್ಟ ವಸ್ತುವಿನ ಬೆಲೆಯನ್ನು ಯಾವುದಾದರೂ ಒಂದು ರೀತಿಯಲ್ಲಿ ಅಂದಾಜು ಮಾಡಿ ಗೆಲ್ಲುವುದು. ಈ ‘ಯಾವುದಾದರೂ ಒಂದು ರೀತಿ’ಯಲ್ಲೇ ಎಲ್ಲ ಚಮತ್ಕಾರ. ಐದು ದಶಕಗಳಲ್ಲಿ ಅವರು ನೂರಕ್ಕೂ ಹೆಚ್ಚು ಆಟಗಳನ್ನು ಹೊಸೆದಿದ್ದಾರೆ. ಕೆಲವು ಮೊದಲ ದಿನದಿಂದ ಇಂದಿನವರೆಗೂ ನಡೆಯುತ್ತಿವೆ. ‘ಪ್ರೊಫೆಸರ್ ಪ್ರೈಸ್’ ಎಂಬುದು ಮಾತ್ರ 1977ರಲ್ಲಿ ಎರಡೇ ಎರಡು ಸಲ ಆಡಿ ಮಾಯವಾಯಿತು.

ನಮ್ಮಲ್ಲಿ ಬೆಳೆದವರಿಗೆ ಇಲ್ಲಿ ಒಂದು ಅನುಮಾನ ಬರುವುದು ಸಹಜ. ಸೋಪಿನ ಬೆಲೆಯನ್ನು ಅಂದಾಜು ಮಾಡುವುದೇಕೆ, ಪೊಟ್ಟಣ ತಿರುಗಿಸಿ ಎಂಆರ್‌ಪಿ ಓದಿದರಾಯಿತಲ್ಲ? ಅಮೆರಿಕದಲ್ಲಿ ಹಾಗಿಲ್ಲ. ಗರಿಷ್ಠ ಚಿಲ್ಲರೆ ಬೆಲೆಯನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕೆಂಬ ನಿಯಮ ನಮ್ಮದು, ಅವರದಲ್ಲ. ಅಲ್ಲಿ ಬೆಲೆ ನಿಗದಿಪಡಿಸುವವನು ಅಂಗಡಿಯವನು. ಇದೇ ಕಾಫಿ ಡಬ್ಬಿ ಈ ಅಂಗಡಿಯಲ್ಲಿ ಒಂದು ಬೆಲೆ, ಎದುರು ಬೀದಿಯಲ್ಲಿ ಇನ್ನೊಂದು. 1974ರ ಜೂನ್‌ನಲ್ಲಿ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ 67 ಸೆಂಟ್‌ನ ಚೂಯಿಂಗ್ ಗಮ್ ಪೊಟ್ಟಣವೊಂದರ ಬಾರ್‌ಕೋಡನ್ನು ಮೊದಲ ಬಾರಿಗೆ ಯಂತ್ರದಿಂದ ಓದಿಸಿದರು. ಅದು ಎಲ್ಲ ಕಡೆ ಹಬ್ಬುತ್ತ ಹೋದಂತೆ ಪ್ರತಿ ಡಬ್ಬಿಗೂ ಬೆಲೆಯ ಚೀಟಿ ಅಂಟಿಸುವ ಪದ್ಧತಿ ಸೊರಗಿ, ಬೆಲೆ ಕಪಾಟಿನ ಅಂಚಿಗೆ ಸರಿಯಿತು. ಹಾಗಾಗಿ ಬೆಲೆ ನೆನಪಿಟ್ಟುಕೊಳ್ಳುವುದು ಅಲ್ಲಿ ನಿಜಕ್ಕೂ ಒಂದು ವಿದ್ಯೆ. ಆ ವಿದ್ಯೆಗೆ ಬಹುಮಾನ ಕೊಡುವುದೇ ಈ ಕಾರ್ಯಕ್ರಮದ ಬಂಡವಾಳ.

ಈಗ ಇಸ್ಪೀಟಿಗೆ ಬರೋಣ. ‘ಹಿಟ್ ಮಿ’ ನಿಂತಿರುವುದು ಬ್ಲ್ಯಾಕ್‌ಜಾಕ್ ಎಂಬ ಜೂಜಿನ ಮೇಲೆ. ಪತ್ರಿಕೆಗಳಲ್ಲಿ ಆಗಾಗ ‘ಅಡ್ಡೆ ಮೇಲೆ ಪೊಲೀಸರ ದಾಳಿ’ ಎಂಬ ಸುದ್ದಿಯಾಗಿ ಬರುವ ನಮ್ಮ ಅಂದರ್ ಬಾಹರ್‌ನಲ್ಲಿ ಆಡುವವನು ಯೋಚಿಸಬೇಕಾದದ್ದು ಏನೂ ಇಲ್ಲ, ಒಳಗೋ ಹೊರಗೋ ಅಷ್ಟೇ. ಬ್ಲ್ಯಾಕ್‌ಜಾಕ್‌ನಲ್ಲಿ ಯೋಚನೆಗೆ ಸ್ವಲ್ಪ ಜಾಗವಿದೆ. ಕೈಗೆ ಬಂದ ಎಲೆಗಳ ಮೊತ್ತ 21ಕ್ಕೆ ಆದಷ್ಟು ಹತ್ತಿರವಿರಬೇಕು, ಆದರೆ ದಾಟಬಾರದು. ದಾಟಿದರೆ ಅಲ್ಲಿಗೆ ಕಥೆ ಮುಗಿಯಿತು. ರಾಜ, ರಾಣಿ, ಗುಲಾಮ ಎಲ್ಲಕ್ಕೂ ಹತ್ತು ಅಂಕ. ಎಕ್ಕ ಮಾತ್ರ ಅನುಕೂಲಸಿಂಧು: ಬೇಕಾದರೆ 11, ಕಷ್ಟವಾದರೆ 1. ಹೀಗಾಗಿ ಒಂದು ಎಕ್ಕ, ಒಂದು ಹತ್ತು ಬಂದರೆ ಎರಡೇ ಎಲೆಗಳಲ್ಲಿ 21. ಎದುರಿಗಿರುವುದು ಜೂಜುಮನೆಯವರ ಕೈ. ಅದನ್ನು ‘ಹೌಸ್’ ಎನ್ನುತ್ತಾರೆ. ಹೌಸ್‌ಗೆ ಸ್ವಂತ ಬುದ್ಧಿ ಓಡಿಸುವ ಹಕ್ಕಿಲ್ಲ. 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಎಲೆ ಎಳೆಯಲೇಬೇಕು, 17 ಆದರೆ ನಿಲ್ಲಲೇಬೇಕು. ಆಡುವವನು ‘ಇನ್ನೊಂದು ಎಲೆ ಹಾಕು’ ಎನ್ನಲು ಇಂಗ್ಲಿಷಿನಲ್ಲಿ ಹೇಳುವ ಮಾತೇ ‘ಹಿಟ್ ಮಿ’. ಗೋವಾದ ತೇಲುವ ಕ್ಯಾಸಿನೊಗಳಿಗೆ ಹೋಗಿಬಂದ ಸ್ನೇಹಿತರಿದ್ದರೆ ಅವರನ್ನು ಕೇಳಿ. ಸೋತ ಲೆಕ್ಕ ಹೇಳುವುದಿಲ್ಲ, ನಿಯಮಗಳನ್ನಂತೂ ಹೇಳುತ್ತಾರೆ.

ದಿನಸಿ ಸಾಮಾನಿಗೂ ಈ ಜೂಜಿಗೂ ಗಂಟು ಹಾಕಿದ್ದು ಹೇಗೆ?

ವೇದಿಕೆಯ ಮೇಲೆ ಆರು ದಿನಸಿ ಸಾಮಾನು. ಪ್ರತಿಯೊಂದರ ಮುಂದೆ ಒಂದು ಬೆಲೆ. ಆ ಬೆಲೆ ನಿಜವಾದ ಬೆಲೆಯಲ್ಲ, ನಿಜವಾದ ಬೆಲೆಯನ್ನು 1ರಿಂದ 10ರವರೆಗಿನ ಯಾವುದೋ ಒಂದು ಸಂಖ್ಯೆಯಿಂದ ಗುಣಿಸಿ ಬಂದದ್ದು. ಗುಣಿಸಿದ ಆ ಸಂಖ್ಯೆಯೇ ಸಾಮಾನಿನ ಹಿಂದೆ ಅಡಗಿರುವ ಇಸ್ಪೀಟೆಲೆ. ನಾಲ್ಕು ಪಟ್ಟು ಬೆಲೆ ಬರೆದಿದ್ದರೆ ನಾಲ್ಕರ ಎಲೆ, ಏಳು ಪಟ್ಟಾದರೆ ಏಳರ ಎಲೆ. ಆರರಲ್ಲಿ ಒಂದು ಸಾಮಾನಿಗೆ ಸರಿಯಾದ ಬೆಲೆಯನ್ನೇ ಬರೆದಿರುತ್ತಾರೆ, ಅದು ಎಕ್ಕ. ಇನ್ನೊಂದಕ್ಕೆ ಸರಿಯಾಗಿ ಹತ್ತು ಪಟ್ಟು. ಈ ಎರಡು ಯಾವಾಗಲೂ ಇದ್ದೇ ಇರುತ್ತವೆ. ಆಡುವವರು ಮೊದಲು ಭಾರಿ ಗಾತ್ರದ ಇಸ್ಪೀಟುಕಟ್ಟನ್ನು ಕತ್ತರಿಸುತ್ತಾರೆ, ಹೌಸ್‌ಗೆ ಎರಡು ಎಲೆ ಬೀಳುತ್ತವೆ. ಒಂದು ತೆರೆದದ್ದು, ಒಂದು ಮುಚ್ಚಿದ್ದು. ಆಮೇಲೆ ಆಡುವವರು ಒಂದೊಂದೇ ಸಾಮಾನನ್ನು ಆರಿಸುತ್ತ ಎಲೆ ಕೂಡಿಸಬೇಕು. ಸಾಕೆನಿಸಿದಾಗ ನಿಲ್ಲಬಹುದು. ನಂತರ ಹೌಸ್ ತನ್ನ ಮುಚ್ಚಿದ ಎಲೆಯನ್ನು ತಿರುಗಿಸಿ, ತನ್ನ ನಿಯಮದಂತೆ ಎಳೆಯುತ್ತದೆ.

ನಿಯಮ ಓದುವಾಗ ತಲೆ ತಿರುಗಿದರೆ ಗಾಬರಿಯಾಗಬೇಡಿ. ಒಂದು ಕೈ ಆಡಿದರೆ ಹಿಡಿತ ಸಿಗುತ್ತದೆ. ಕೆಳಗಿನ ಸಾಮಾನು, ಬೆಲೆ ಎಲ್ಲ ನಾನೇ ಕಟ್ಟಿದ್ದು.

ಕಾಫಿ ಡಬ್ಬಿ 3.49 ಡಾಲರ್. ಪಾತ್ರೆ ತೊಳೆಯುವ ದ್ರವ 7.16. ಟೀ ಚೀಲಗಳ ಪೆಟ್ಟಿಗೆ 11.45. ತಲೆನೋವಿನ ಮಾತ್ರೆ 6.58. ಸಾಸಿವೆ ಗೊಜ್ಜಿನ ಬಾಟಲಿ 6.23. ಬೆಕ್ಕಿನ ಆಹಾರ 4.90.

ಏನೂ ತಿಳಿಯದೆ ಕಣ್ಣುಮುಚ್ಚಿ ಎರಡನ್ನು ಎತ್ತಿದರೆ ಎಕ್ಕ ಮತ್ತು ಹತ್ತು ಎರಡೂ ಸಿಗುವ ಸಾಧ್ಯತೆ ಹದಿನೈದರಲ್ಲಿ ಒಂದು. ಆರು ಸಾಮಾನಿನಿಂದ ಎರಡನ್ನು ಆರಿಸಲು ಹದಿನೈದು ಜೋಡಿಗಳಿವೆ, ಬೇಕಾದ ಜೋಡಿ ಒಂದೇ. ಆದರೆ ಕಣ್ಣು ಮುಚ್ಚುವ ಅಗತ್ಯವೇ ಇಲ್ಲ. ಯಾವುದೇ ಬೆಲೆಯನ್ನು ಹತ್ತರಿಂದ ಗುಣಿಸಿದರೆ ಕೊನೆಯಲ್ಲಿ ಸೊನ್ನೆ ಬರಲೇಬೇಕು. ಮೇಲಿನ ಆರರಲ್ಲಿ ಸೊನ್ನೆಯಿಂದ ಮುಗಿಯುವುದು ಯಾವುದು? ಬೆಕ್ಕಿನ ಆಹಾರ. ಒಂದು ಸೊನ್ನೆ ಅಳಿಸಿ, 49 ಸೆಂಟ್. ಪುಟ್ಟ ಡಬ್ಬಿಗೆ ಒಪ್ಪುವ ಬೆಲೆ. ಹತ್ತು ಸಿಕ್ಕಿತು, ಒಂದೇ ಒಂದು ಬೆಲೆಯನ್ನೂ ಬಾಯಿಪಾಠ ಮಾಡದೆ. ಕೆಲವೊಮ್ಮೆ ಎರಡು ಸಾಮಾನುಗಳ ಬೆಲೆ ಸೊನ್ನೆಯಿಂದ ಮುಗಿದು ಕಂಗೆಡಿಸಬಹುದು. 1.38ರ ಸಾಮಾನನ್ನು ಐದು ಪಟ್ಟು ಮಾಡಿದರೂ 6.90 ಆಗುತ್ತದೆ. ಆಗ ಎರಡನ್ನೂ ಹತ್ತರಿಂದ ಭಾಗಿಸಿ, ಯಾವುದು ನಂಬುವ ಹಾಗಿದೆ ಎಂದು ನೋಡಿದರೆ ಸಾಕು.

ಇಲ್ಲಿಂದ ಮುಂದೆ ಇನ್ನೊಂದು ಕಳ್ಳದಾರಿಯಿದೆ. ಇದು ನನಗೆ ತುಂಬ ಇಷ್ಟವಾದದ್ದು. ಅಮೆರಿಕದ ದಿನಸಿ ಬೆಲೆಗಳಲ್ಲಿ ಬಹಳಷ್ಟು ಒಂಬತ್ತರಿಂದ ಮುಗಿಯುತ್ತವೆ: 49 ಸೆಂಟ್, 1.79, 2.29. ನಾವು ‘ಬಾಟಾ ಬೆಲೆ’ ಎಂದು ನಗುವ ಅದೇ ವರಸೆ. ಈಗ ಒಂಬತ್ತರ ಮಗ್ಗಿಯನ್ನು ನೆನಪಿಸಿಕೊಳ್ಳಿ. 9, 18, 27, 36, 45, 54, 63, 72, 81, 90. ಕೊನೆಯ ಅಂಕೆಯನ್ನು ಮಾತ್ರ ನೋಡುತ್ತ ಹೋಗಿ: ಒಂಬತ್ತು, ಎಂಟು, ಏಳು, ಆರು ಎಂದು ಮೆಟ್ಟಿಲಿಳಿದಂತೆ ಸೊನ್ನೆಗೆ ಇಳಿಯುತ್ತದೆ. ಅಂದರೆ, ನಿಜವಾದ ಬೆಲೆ ಒಂಬತ್ತರಿಂದ ಮುಗಿಯುತ್ತಿದ್ದರೆ, ಬರೆದ ಬೆಲೆಯ ಕೊನೆಯ ಅಂಕೆಯನ್ನು ಹತ್ತರಿಂದ ಕಳೆದರೆ ಅಡಗಿರುವ ಎಲೆ ಎದುರಿಗೆ ಬಂದು ನಿಲ್ಲುತ್ತದೆ!

ಪರೀಕ್ಷಿಸೋಣ. ಪಾತ್ರೆ ತೊಳೆಯುವ ದ್ರವ 7.16, ಹತ್ತರಲ್ಲಿ ಆರು ಕಳೆದರೆ ನಾಲ್ಕು. 7.16ನ್ನು ನಾಲ್ಕರಿಂದ ಭಾಗಿಸಿದರೆ 1.79, ಸರಿಯಾಗಿದೆ. ಸಾಸಿವೆ 6.23, ಹತ್ತರಲ್ಲಿ ಮೂರು ಕಳೆದರೆ ಏಳು, ನಿಜ ಬೆಲೆ 89 ಸೆಂಟ್. ಟೀ 11.45, ಐದರ ಎಲೆ, ನಿಜ ಬೆಲೆ 2.29. ಮಾತ್ರೆ 6.58, ಎರಡರ ಎಲೆ, 3.29. ಕಾಫಿ 3.49 ಒಂಬತ್ತರಿಂದಲೇ ಮುಗಿದಿದೆ, ಆದ್ದರಿಂದ ಒಂದು ಪಟ್ಟು. ಎಕ್ಕ. ಆರಕ್ಕೆ ಆರೂ ಎಲೆಗಳು ಅಂಗಾತ ಬಿದ್ದವು.

ನಾನು ಒಂಬತ್ತರಿಂದ ಮುಗಿಯುವ ಬೆಲೆಗಳನ್ನೇ ಬೇಕೆಂದು ಆರಿಸಿದ್ದೇನೆ, ಇದು ಸ್ವಲ್ಪ ಮೋಸ. ನಿಜವಾದ ವೇದಿಕೆಯಲ್ಲಿ 1.38, 2.15 ಎಂಬಂಥ ಬೆಲೆಗಳೂ ನುಸುಳುತ್ತವೆ, ಆಗ ಮಗ್ಗಿ ಕೈಕೊಡುತ್ತದೆ. ಆದರೂ ಮಗ್ಗಿ ತೋರಿಸಿದ ಎಲೆಯಿಂದ ಭಾಗಿಸಿ, ಬಂದ ಉತ್ತರ ಆ ಸಾಮಾನಿಗೆ ಒಪ್ಪುತ್ತದೆಯೇ ಎಂದು ನೋಡಿದರೆ ತಪ್ಪುವ ಸಂದರ್ಭ ಕಡಿಮೆ. ನಿಜವಾದ ಖೆಡ್ಡಾ ಇರುವುದು ಬೇರೆ ಕಡೆ. ಎರಡು ಪಟ್ಟು ಬೆಲೆ ಬರೆದ ಸಾಮಾನು, ಅಪರೂಪಕ್ಕೆ ಅಂಗಡಿಗೆ ಹೋಗುವವರ ಕಣ್ಣಿಗೆ, ಸರಿಯಾದ ಬೆಲೆಯಂತೆಯೇ ಕಾಣುತ್ತದೆ. ತಲೆನೋವಿನ ಮಾತ್ರೆಗೆ 6.58 ಇದ್ದರೂ ಇರಬಹುದೇನೋ ಅನ್ನಿಸುತ್ತದೆ. ಅದನ್ನು ಎಕ್ಕವೆಂದು ಎತ್ತಿದರೆ ಕೈಯಲ್ಲಿ ಉಳಿಯುವುದು ಹತ್ತು ಮತ್ತು ಎರಡು, ಒಟ್ಟು ಹನ್ನೆರಡು. ಹನ್ನೆರಡು ಯಾವುದಕ್ಕೂ ಸಾಲದು.

ಹೀಗೆ ಎಡವಿದ ಮೇಲೂ ಆಟ ದಯೆ ತೋರಿಸುತ್ತಿತ್ತು. ನಿಜವಾದ ಬ್ಲ್ಯಾಕ್‌ಜಾಕ್ ಮೇಜಿನಲ್ಲಿ ಮುಂದಿನ ಎಲೆ ಯಾವುದೆಂಬುದು ದೇವರಿಗೇ ಗೊತ್ತು. ಇಲ್ಲಿ ಎಲೆಗಳೆಲ್ಲ ತೆಳು ಬಟ್ಟೆಯ ಹಿಂದೆ ನಿಂತಂತೆ ಅರೆಬರೆ ಕಾಣುತ್ತವೆ. ಹನ್ನೆರಡು ಇದ್ದಾಗ ಬೇಕಾಗಿರುವುದು ಏಳು, ಎಂಟು, ಒಂಬತ್ತು. ಅಂದರೆ ಬೆಲೆ ತೀರಾ ಹುಚ್ಚುಚ್ಚಾಗಿರುವ ಸಾಮಾನು. 89 ಸೆಂಟ್‌ನ ಸಾಸಿವೆಗೆ ಆರು ಡಾಲರಿಗೂ ಮಿಗಿಲಾದ ಬೆಲೆ ಕಂಡರೆ ಅದನ್ನು ಎತ್ತಬೇಕು. ಕೈಯಲ್ಲಿ 17 ಇದ್ದು ನಾಲ್ಕರೊಳಗಿನ ಎಲೆ ಬೇಕಾದರೆ, ಬೆಲೆ ತುಸುವೇ ಏರಿದಂತೆ ತೋರುವ ಸಾಮಾನನ್ನು ಹುಡುಕಬೇಕು. ಬೆಲೆ ಎಷ್ಟು ತಪ್ಪು ಎಂಬುದನ್ನೇ ಅಳೆದು ಆಡುವ ಆಟ ಇದು. ಕಾರ್ಯಕ್ರಮದ ಹೆಸರೇ ‘ಬೆಲೆ ಸರಿಯಾಗಿದೆ’ ಎಂದಿರುವಾಗ, ತಪ್ಪಿನ ಪ್ರಮಾಣಕ್ಕೆ ಅಂಕ ಕೊಡುವ ಆಟವೊಂದನ್ನು ಅಲ್ಲಿಗೆ ತಂದವರ ತಲೆಗೆ ನಮಸ್ಕಾರ.

ಹೌಸ್ ಕಡೆಯ ಲೆಕ್ಕವನ್ನೂ ಸ್ವಲ್ಪ ನೋಡಬೇಕು, ಇಲ್ಲದಿದ್ದರೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. 17ಕ್ಕೆ ನಿಲ್ಲುವ ನಿಯಮದಿಂದ ಆಡುವ ಹೌಸ್, ನೂರು ಕೈಗಳಲ್ಲಿ ಸುಮಾರು 28ರಲ್ಲಿ 21ನ್ನು ದಾಟಿ ತಾನಾಗಿ ಸೋಲುತ್ತದೆ. ಸುಮಾರು 12ರಲ್ಲಿ ಸರಿಯಾಗಿ 21 ಮುಟ್ಟುತ್ತದೆ. ಆದ್ದರಿಂದ ಕೈಯಲ್ಲಿ 20 ಇದ್ದವರನ್ನು ಮೀರಿಸಲು ಹೌಸ್‌ಗೆ ನೂರರಲ್ಲಿ ಹನ್ನೆರಡು ಅವಕಾಶ ಮಾತ್ರ. 17ಕ್ಕೆ ನಿಂತವರನ್ನಾದರೋ ಅದು ನೂರರಲ್ಲಿ ಸುಮಾರು 57 ಸಲ ದಾಟಿಹೋಗುತ್ತದೆ. ಇಷ್ಟು ಗೊತ್ತಿದ್ದವರು 17 ಬಂದಾಗ ನಿಟ್ಟುಸಿರು ಬಿಟ್ಟು ಕೂರುವುದಿಲ್ಲ. ಇನ್ನೂ ಎರಡು ಪಟ್ಟಿನ ಸಾಮಾನೊಂದು ಉಳಿದಿದೆಯೇ ಎಂದು ನೋಡುತ್ತಾರೆ. ಹಾಗೆಯೇ ಹೌಸ್‌ನ ತೆರೆದ ಎಲೆ ಐದೋ ಆರೋ ಆಗಿದ್ದರೆ ಅದು ಮುಗ್ಗರಿಸುವ ಸಂಭವ ಹೆಚ್ಚು. ಆಗ ಸಾಧಾರಣ ಕೈಯಲ್ಲೂ ತಾಳ್ಮೆಯಿಂದ ನಿಲ್ಲಬಹುದು.

ಇಷ್ಟೆಲ್ಲ ವಿವರಿಸಲು ನನಗೆ ಇಲ್ಲಿಯವರೆಗೆ ಬೇಕಾದದ್ದು ಹತ್ತಾರು ಪ್ಯಾರಾ. ಬಾಬ್ ಬಾರ್ಕರ್ ಅವರಿಗೆ ಸಿಗುತ್ತಿದ್ದದ್ದು ಕೆಲವೇ ಕ್ಷಣ.

ಆಟ ಕೆಟ್ಟದ್ದು ಇಲ್ಲಿಯೇ. ವೇದಿಕೆಗೆ ಬರುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿಕೊಂಡು ಬಂದವರಲ್ಲ. ಪ್ರೇಕ್ಷಕರ ನಡುವೆ ಕುಳಿತಿದ್ದಾಗ ‘ಕಮ್ ಆನ್ ಡೌನ್’ ಎಂಬ ಕೂಗಿನೊಂದಿಗೆ ಹೆಸರು ಕೇಳಿ, ಎದೆ ಬಡಿದುಕೊಳ್ಳುತ್ತ ಓಡಿಬಂದವರು. ಆಗಷ್ಟೇ ಮೂರು ಮಂದಿಯೊಂದಿಗೆ ಪೈಪೋಟಿಯಲ್ಲಿ ಬೆಲೆ ಕೂಗಿ ಗೆದ್ದು ಮೆಟ್ಟಿಲು ಹತ್ತಿದವರು. ಹಿಂದಿನಿಂದ ಇಡೀ ಸಭಾಂಗಣ ‘ಸಾಸಿವೆ! ಕಾಫಿ!’ ಎಂದು ಅರಚುತ್ತಿರುತ್ತದೆ. ಅಂಥವರ ತಲೆಯಲ್ಲಿ ಒಂದೇ ಸಲಕ್ಕೆ ಎರಡು ಆಟಗಳನ್ನು ತುಂಬಬೇಕಿತ್ತು. ಒಂದು ಬೆಲೆಯದು, ಅದು ಅವರಿಗೆ ಗೊತ್ತು. ಇನ್ನೊಂದು ಬ್ಲ್ಯಾಕ್‌ಜಾಕ್. ಗೊತ್ತಿದ್ದವರಿಗೆ ಅದು ನೀರು ಕುಡಿದಷ್ಟು ಸುಲಭ. ಗೊತ್ತಿಲ್ಲದವರಿಗೆ 21 ಎಂಬ ಸಂಖ್ಯೆ ಎಲ್ಲಿಂದ ಬಂತೆಂಬುದೇ ಅರ್ಥವಾಗುವುದಿಲ್ಲ. ಆಟ ಶುರುವಾದ 1980ರಲ್ಲಿ ಅಮೆರಿಕದಲ್ಲಿ ಕಾನೂನುಬದ್ಧ ಕ್ಯಾಸಿನೊಗಳಿದ್ದದ್ದು ನೆವಾಡಾದಲ್ಲಿ, ಅದರ ಜೊತೆಗೆ ಎರಡು ವರ್ಷಗಳ ಹಿಂದಷ್ಟೇ ಬಾಗಿಲು ತೆರೆದಿದ್ದ ಅಟ್ಲಾಂಟಿಕ್ ಸಿಟಿಯಲ್ಲಿ ಮಾತ್ರ. ಬೆಳಗಿನ ಹೊತ್ತು ಟೀವಿ ನೋಡುವ ಅಜ್ಜಿಯರೆಲ್ಲ ಅಲ್ಲಿಗೆ ಹೋಗಿಬಂದಿರುತ್ತಾರೆ ಎಂದು ನಂಬುವುದು ಹೇಗೆ? ಆಡುವವರಿಗೆ ಬ್ಲ್ಯಾಕ್‌ಜಾಕ್ ತಿಳಿಯದೆ ಆಟ ಗೋಜಲಾಗುತ್ತಿತ್ತು ಎಂಬುದೇ ‘ಹಿಟ್ ಮಿ’ ನಿವೃತ್ತಿಗೆ ಸಾಮಾನ್ಯವಾಗಿ ಹೇಳುವ ಕಾರಣ. ಇಪ್ಪತ್ತಾರು ವರ್ಷ ತಡೆದದ್ದೇ ಹೆಚ್ಚು ಎನ್ನಬೇಕು.

ಇದೇ ಕಾರ್ಯಕ್ರಮದಲ್ಲಿ ಇಸ್ಪೀಟಿನ ಇನ್ನೊಂದು ಆಟವಾಗಿದ್ದ ‘ಪೋಕರ್ ಗೇಮ್’ ಕೂಡ ಈಗ ನಿವೃತ್ತಿಯಾಗಿದೆ. ಅಲ್ಲಿ ಬಹುಮಾನಗಳ ಬೆಲೆಯ ಅಂಕೆಗಳನ್ನೇ ಎಲೆಗಳಂತೆ ಜೋಡಿಸಿ ಪೋಕರ್ ಕೈ ಕಟ್ಟಬೇಕಿತ್ತು. ಅದರ ಬಗ್ಗೆ ನನಗೆ ಅಂಥ ಮಮತೆಯಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಬದುಕುಳಿದ ಸೋದರಿ. 1972ರಲ್ಲೇ ಆರಂಭವಾದ ‘ಗ್ರೋಸರಿ ಗೇಮ್’ ಇಂದಿಗೂ ನಡೆಯುತ್ತಿದೆ. ಐದು ದಿನಸಿ ಸಾಮಾನು, ಬೆಲೆ ಮುಚ್ಚಿರುತ್ತದೆ. ಯಾವುದನ್ನಾದರೂ ಎಷ್ಟು ಬೇಕಾದರೂ ಕೊಳ್ಳಬಹುದು. ಒಟ್ಟು ಬಿಲ್ ಈಗಿನ ನಿಯಮದಂತೆ 20ರಿಂದ 22 ಡಾಲರ್ ನಡುವೆ ಬರಬೇಕು, ದಾಟಬಾರದು. ಇದನ್ನು ‘ಹಿಟ್ ಮಿ’ ಪಕ್ಕದಲ್ಲಿಟ್ಟು ನೋಡಿ. ಇಲ್ಲಿಯೂ ಗುಣಾಕಾರವಿದೆ, ಕೂಡುತ್ತ ಹೋಗುವುದಿದೆ, ದಾಟಿದರೆ ಸೋಲಿದೆ. ಗುರಿಯೂ ಇಪ್ಪತ್ತೊಂದರ ಆಸುಪಾಸಿನಲ್ಲೇ ಇದೆ. ಒಳಗಿನ ಎಲುಬುಗೂಡು ಹೆಚ್ಚುಕಡಿಮೆ ಒಂದೇ. ಆದರೆ ಇದನ್ನು ಆಡಲು ಇಸ್ಪೀಟು ಕಲಿಯಬೇಕಿಲ್ಲ. ಕೈಯಲ್ಲಿ ಇಪ್ಪತ್ತು ಡಾಲರ್ ಹಿಡಿದು ಅಂಗಡಿಗೆ ಹೋದ ಅನುಭವವಿದ್ದರೆ ಸಾಕು, ಆ ಅನುಭವ ಎಲ್ಲರಿಗೂ ಇದೆ.

ಕಳೆದ ದಸರಾ ರಜೆಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ‘ಹಿಟ್ ಮಿ’ ಆಡಿಸುವ ಹುಮ್ಮಸ್ಸು ನನಗೆ ಬಂತು. ಆರು ಸಾಮಾನು ತಂದು, ಎಂಆರ್‌ಪಿ ಮೇಲೆ ಕಾಗದ ಅಂಟಿಸಿ, ಮುಂದೆ ಬೆಲೆಯ ಚೀಟಿ ಇಟ್ಟೆ. ಒಂಬತ್ತರ ಮಗ್ಗಿ ಇಲ್ಲಿ ಕೆಲಸಕ್ಕೆ ಬರಲಿಲ್ಲ. ನಮ್ಮ ಪೊಟ್ಟಣಗಳಲ್ಲಿ ಐದು, ಹತ್ತು, ಇಪ್ಪತ್ತು ಎಂಬ ದುಂಡು ಬೆಲೆಗಳೇ ಜಾಸ್ತಿ. ಮಕ್ಕಳು ನಿಯಮ ಕೇಳಿ ಅರ್ಧದಲ್ಲೇ ಎದ್ದು ಹೋದರು. ಎಪ್ಪತ್ತು ದಾಟಿದ ಅಮ್ಮ ಮಾತ್ರ ಕುಳಿತಿದ್ದಳು. ಒಮ್ಮೆ ಕಣ್ಣಾಡಿಸಿ, ಒಂದು ಕ್ಷಣವೂ ಅನುಮಾನಿಸದೆ ಉಪ್ಪಿನ ಪೊಟ್ಟಣದ ಮೇಲೆ ಬೆರಳಿಟ್ಟಳು. ಸರಿಯಾದ ಬೆಲೆ, ಎಕ್ಕ! ನಾನು ಚಪ್ಪಾಳೆ ತಟ್ಟಿ, “ಈಗ ಹತ್ತು ಪಟ್ಟಿನದನ್ನು ಹುಡುಕಮ್ಮ, ಗೆದ್ದೆ ಎಂದೇ ಲೆಕ್ಕ” ಎಂದೆ. ಎರಡು ರೂಪಾಯಿಯ ಬೆಂಕಿಪೊಟ್ಟಣ ಅವಳ ಮುಂದೆಯೇ ಇತ್ತು, ಮುಂದೆ 20 ರೂಪಾಯಿಯ ಚೀಟಿ. ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ಎಲ್ಲಕ್ಕಿಂತ ಮೊದಲು ಬಿದ್ದದ್ದೇ ಅದು.

“ಅಷ್ಟು ಸುಳ್ಳು ಬೆಲೆ ಬರೆದದ್ದನ್ನು ನಾನೇಕೆ ತೆಗೆದುಕೊಳ್ಳಲಿ?” ಎಂದು ಕೇಳಿ, ಉಪ್ಪಿನ ಪೊಟ್ಟಣ ಎತ್ತಿಕೊಂಡು ಅಡುಗೆಮನೆಗೆ ಹೋದಳು.